ಐದು ಥರದ ವಿದ್ಯಾಶ್ರೀ

ತರೀಕೆರೆ
27-4-2025, ಭಾನುವಾರ

ಮಗಳು ವಿದ್ಯಾಶ್ರೀಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ನಾನು, ನಿಮ್ಮಮ್ಮ ಇಬ್ಬರೂ ಚೆನ್ನಾಗಿದ್ದೀವಿ. ಅವಳ ಮಂಡಿನೋವು ಹಾಗೇ ಇದೆ, ನನ್ನ ಕೋಪ ಹಾಗೇ ಇದೆ. ಬೇರೆ ಕಾಯಿಲೆ ಇಲ್ಲ. ನೀವೆಲ್ಲ ಹೇಗಿದ್ದೀರಿ ಅಂತ ತಿಳಿಸು ಎಂದು ಬರೆಯುವುದು ಪದ್ಧತಿ. ನೀನು ನನಗೆ ತಿಳಿಸಲ್ಲ ಅಂತ ಗೊತ್ತು, ಆದರೂ ಬರೆದಿದ್ದೇನೆ.

ಕಾಗದ ತಡವಾಯಿತು. ಯುಗಾದಿ ಮಾರನೇ ದಿನ ಶುರು ಮಾಡಿದ್ದು. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅಕ್ಷರ ತಪ್ಪಿದ್ದರೆ ನಗಬೇಡ. ನಕ್ಕರೂ ಪರವಾಗಿಲ್ಲ, ಪೂರ್ತಿ ಓದು. ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನಾನು ಮೂರನೇ ಮಾತಿಗೆ ಕಿರುಚುತ್ತೇನೆ, ನೀನು ನಾಲ್ಕನೇ ಮಾತಿಗೆ "ಅಮ್ಮನಿಗೆ ಕೊಡಿ" ಅನ್ನುತ್ತೀಯ. ಇಪ್ಪತ್ತು ವರ್ಷದಿಂದ ಇದೇ ನಡೆದಿದೆ. ಕಾಗದದಲ್ಲಿ ಎಷ್ಟು ಕಿರುಚಿದರೂ ನಿನಗೆ ಕೇಳಿಸಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ವಾರ ಪ್ರಿಯಾಂಕಾ ಅವಳ ಅಜ್ಜಿಗೆ ಫೋನ್ ಮಾಡಿ ಅತ್ತಳು. ಖೋ ಖೋಗೆ ಕ್ರೀಡಾ ಹಾಸ್ಟೆಲಿಗೆ ಸೆಲೆಕ್ಟ್ ಆಗಿದ್ದಾಳಂತೆ, ದೇವನೂರು ಹೋಬಳಿಗೇ ಅವಳೊಬ್ಬಳಂತೆ. ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ ಫಾರಂ ಮೇ ಮೂವತ್ತೊಂದರ ಒಳಗೆ ಕೊಡಬೇಕಂತೆ. ಅಳಿಯಂದಿರು ಹಾಕಿದ್ದಾರಂತೆ, ನೀನು ಹಾಕಲ್ಲ ಅಂದೆಯಂತೆ. "ಆಟ ಕಲಿಸಿ ಆಮೇಲೆ ಕಿತ್ಕೊಳ್ಳೋದಕ್ಕಿಂತ ಮೊದ್ಲೇ ಬೇಡ ಅನ್ನೋದು ವಾಸಿ" ಅಂತ ಮಗುವಿಗೆ ಹೇಳಿದೆಯಂತೆ.

ಆ ಮಾತು ಹೊರಟಿದ್ದು ಯಾರ ಕಡೆಗೆ ಅಂತ ತಿಳಿಯದಷ್ಟು ದಡ್ಡ ನಾನಲ್ಲ. 2004ರಲ್ಲಿ ನೀನು ರಾಷ್ಟ್ರೀಯ ಶಿಬಿರದ ಫಾರಂ ಹಿಡಿದುಕೊಂಡು ನಮ್ಮ ಕುಶನ್ ಅಂಗಡಿ ಬಾಗಿಲಲ್ಲಿ ನಿಂತಿದ್ದೆ. ನಾನು ಟ್ರ್ಯಾಕ್ಟರ್ ಸೀಟು ಹೊಲಿಯುತ್ತಿದ್ದೆ. ದಬ್ಬಳದಿಂದ ಕಣ್ಣು ಎತ್ತದೆ, ಸಹಿ ಹಾಕಲ್ಲ ಅಂದೆ. ಸೀಟಿನ ಒಂದು ಮಗ್ಗುಲು ಹೊಲಿದು ಮುಗಿಯುವವರೆಗೂ ನೀನು ನಿಂತೇ ಇದ್ದೆ. ಆಮೇಲೆ ಹೋದೆ. ಮುಂದಿನ ವರ್ಷ ನಿನ್ನ ಮದುವೆ ಮಾಡಿ ಕೈ ತೊಳೆದುಕೊಂಡೆ. ಅವತ್ತಿಂದ ನೀನು ಮೈದಾನದ ಕಡೆ ಹೋಗಿಲ್ಲ, ನಾನು ನಿನ್ನ ಜೊತೆ ಸರಿಯಾಗಿ ಮಾತಾಡಿಲ್ಲ.

ಈಗ ಹೇಳುವುದು ಬೇರೆ ಸಂಗತಿ ಅನ್ನಿಸಬಹುದು. ಬೇರೆ ಅಲ್ಲ.

ಯುಗಾದಿಯ ಹಿಂದಿನ ವಾರ ಲಿಂಗದಹಳ್ಳಿ ಕಡೆಯವರೊಬ್ಬರು ಒಂದು ಹಳೇ ಜೀಪಿನ ಸೀಟು ತಂದರು. ಹೊಸ ರೆಕ್ಸಿನ್ ಹಾಕಿಕೊಡಿ ಅಂದರು. ಹಳೇ ಸೀಟು ಬಿಚ್ಚಿದರೆ ಏನೇನೋ ಸಿಗುತ್ತೆ, ನಿನಗೇ ಗೊತ್ತು. ಚಿಕ್ಕವಳಿದ್ದಾಗ ಎಂಟಾಣೆಗೆ ಕೈ ಹಾಕಿ ಸ್ಪ್ರಿಂಗು ಚುಚ್ಚಿಸಿಕೊಂಡಿದ್ದೆಯಲ್ಲ. ಇದರಲ್ಲಿ ಒಂದು ಬಾಚಣಿಗೆ, ಎರಡು ಬಸ್ ಟಿಕೆಟ್ಟು, ತೆಂಗಿನ ನಾರಿನ ಮಧ್ಯೆ ಒಂದು ಸಣ್ಣ ಕಾರ್ಡು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒರೆಸಿ ನೋಡಿದೆ. ನೀನು.

ಕಡೂರಿನ ನಂದಿ ಛಾಪು ಶುಂಠಿ ಪೆಪ್ಪರ್‌ಮೆಂಟಿನ ಪೊಟ್ಟಣದಲ್ಲಿ ಆಗ ಜಿಲ್ಲೆಯ ಆಟಗಾರರ ಕಾರ್ಡು ಹಾಕುತ್ತಿದ್ದರಲ್ಲ, ಅದು. ನೀಲಿ ಅಂಚು. ಏಳನೇ ನಂಬರಿನ ಬನಿಯನ್. ಒಂದು ಕೈ ಕಂಬದ ಮೇಲೆ, ಇನ್ನೊಂದು ಕೈ ಮುಂದಕ್ಕೆ ಚಾಚಿ, ಎರಡೂ ಕಾಲು ನೆಲ ಬಿಟ್ಟಿವೆ. ಕೆಳಗೆ "ವಿದ್ಯಾಶ್ರೀ ಈ., ತರೀಕೆರೆ". ಅವತ್ತು ಕೆಲಸ ಮಾಡಲಿಲ್ಲ. ಜೀಪಿನವರು ಸಂಜೆ ಬಂದು "ಏನ್ ಈರಭದ್ರಪ್ಪನೋರೇ, ಸೀಟು ಬಿಚ್ಚಿ ಹಾಗೇ ಕೂತಿದೀರಾ?" ಅಂದರು. "ನಾಳೆ ಬಾರಯ್ಯ, ಇಲ್ದಿದ್ರೆ ನಿಂತ್ಕೊಂಡೇ ಗಾಡಿ ಓಡ್ಸು" ಅಂದು ಕಳಿಸಿದೆ.

ಮನೆಗೆ ತಂದು ತೋರಿಸಿದರೆ ನಿಮ್ಮಮ್ಮ ಕಣ್ಣಿಗೊತ್ತಿಕೊಂಡಳು. ಆಮೇಲೆ ಶುರು ಮಾಡಿದಳು ನೋಡು. "ಮಗಳು ಎದುರಿಗಿದ್ದಾಗ ಮುಖ ನೋಡ್ಲಿಲ್ಲ, ಈಗ ಮಿಠಾಯಿ ಚೀಟಿ ಹಿಡ್ಕೊಂಡು ನೋಡ್ತವ್ರೆ!" ನಾನು ರೇಗಿದೆ. ಆದರೆ ಅವಳು ಹೇಳಿದ್ದು ಸುಳ್ಳಲ್ಲ, ಅದಕ್ಕೇ ರೇಗಿದ್ದು.

ಅಜ್ಜಂಪುರದಲ್ಲಿ ಕಾಂತರಾಜು ಅಂತ ಒಬ್ಬ ಜೆರಾಕ್ಸ್ ಅಂಗಡಿಯವನು ಈ ಕಾರ್ಡುಗಳನ್ನು ಸ್ಕೂಲಿಗೆ ಹೋಗುವಾಗಿನಿಂದ ಕೂಡಿಟ್ಟಿದ್ದಾನೆ ಅಂತ ಟೈಲರ್ ಒಬ್ಬರು ಹೇಳಿದರು. ಹೋದೆ. ಮೂವತ್ತೈದು ವರ್ಷದ ಗಂಡಸು, ಅಂಗಡಿಯ ತುಂಬ ಫೈಲು. ಒಂದು ಫೈಲು ತೆಗೆದ. "ಅಜ್ಜಾ, ಎಲ್ರುದ್ದೂ ಇದೆ, ಆದ್ರೆ ಇವ್ರು ನನ್ ಫೇವರಿಟ್ ಪ್ಲೇಯರ್ರು" ಅಂತ ನಿನ್ನ ಕಾರ್ಡು ತೋರಿಸಿದ. "ಐದು ಥರ ಪ್ರಿಂಟ್ ಆಗಿದೆ ಅಂತಾರೆ ಅಜ್ಜಾ. ನನ್ನತ್ರ ಎರಡು ಥರ ಇದೆ."

ಒಬ್ಬಳೇ ಹುಡುಗಿ, ಒಂದೇ ಫೋಟೋ, ಐದು ಥರ ಹೇಗೋ ಅಂತ ಕೇಳಿದೆ. ಅವನು ಮೇಷ್ಟ್ರ ಹಾಗೆ ಪಾಠ ಮಾಡಿದ. ಪ್ರತಿ ಸಲ ಅಚ್ಚು ಹಾಕುವಾಗ ಏನಾದರೂ ಬದಲಾಗಿದೆಯಂತೆ. ಅವನಲ್ಲಿರುವ ಒಂದಕ್ಕೆ ಕೆಂಪು ಅಂಚು, ಬರೀ "ವಿದ್ಯಾಶ್ರೀ" ಅಂತ ಹೆಸರು, ಮುಂದೆ ಇನಿಷಿಯಲ್ ಇಲ್ಲ. ಇನ್ನೊಂದರಲ್ಲಿ ನೀನು ಉಲ್ಟಾ! ಪ್ರೆಸ್ಸಿನವರು ಫಿಲಂ ತಿರುವುಮುರುವಾಗಿ ಇಟ್ಟು, ಏಳು ನಂಬರು ಕನ್ನಡಿಯೊಳಗಿನ ಏಳಾಗಿದೆ, ನೀನು ಆ ಕಡೆಯಿಂದ ಹಾರುವ ಬದಲು ಈ ಕಡೆಯಿಂದ ಹಾರುತ್ತಿದ್ದೀಯ. ನನ್ನ ನೀಲಿ ಅಂಚಿನದು ನೋಡಿ ಅವನು ಎದ್ದು ನಿಂತ. "ಇನಿಷಿಯಲ್ ಇರೋದು! ಇದು ಇದೆ ಅಂತ ಕೇಳಿದ್ದೆ ಅಷ್ಟೇ. ಮೊದಲನೇ ಸಲಕ್ಕೇ ನಿಲ್ಸಿದ್ರಂತೆ. ಯಾಕೆ ತೆಗೆದ್ರೋ ಯಾರಿಗೂ ಗೊತ್ತಿಲ್ಲ ಅಜ್ಜಾ."

ನಾನು ನೀಲಿ ಕಾರ್ಡು ವಾಪಸ್ ಜೇಬಿಗಿಟ್ಟೆ.

ಉಲ್ಟಾ ಕಾರ್ಡು ಕೊಡೋ ಅಂದೆ. ಮಾರಲ್ಲ ಅಂದ. ಬದಲಿಗೆ ನೀಲಿ ಕೊಡ್ತೀರಾ ಅಂದ. ಕೊಡಲ್ಲ ಅಂದೆ. "ಹಾಗಾದ್ರೆ ನಾನೂ ಕೊಡಲ್ಲ." "ಇಟ್ಕೊಂಡು ಉಪ್ಪಿನಕಾಯಿ ಹಾಕೋ ಹೋಗು" ಅಂತ ಬೈದು ಬಸ್‌ಸ್ಟ್ಯಾಂಡಿಗೆ ಬಂದೆ. ಕೊಡೆ ಮರೆತಿದ್ದೆ. ವಾಪಸ್ ಹೋದಾಗ ಅವನು ಕಾರ್ಡು ಒಂದು ಕೈಲಿ ಹಿಡಿದು ನನ್ನ ಮುಖ ನೋಡುತ್ತಾ ನಿಂತಿದ್ದ. "ಅಜ್ಜಾ, ಮೂಗು ಒಂದೇ ಥರ ಇದೆ" ಅಂದ. ನಾನು ಕೊಡೆ ತೆಗೆದುಕೊಂಡೆ. ಕೆಂಪು, ಉಲ್ಟಾ ಎರಡನ್ನೂ ಕವರಿನಲ್ಲಿ ಹಾಕಿ ನನ್ನ ಜೇಬಿಗಿಟ್ಟ. "ಕಡೂರಲ್ಲಿ ಇವ್ರು ಆಡೋದು ನೋಡೋಕೆ ನಾನು ಸ್ಕೂಲಿಗೆ ಚಕ್ಕರ್ ಹಾಕಿ ಹೋಗಿ ಒದೆ ತಿಂದಿದೀನಿ. ಆರಾಮಾಗಿದಾರಾ ಅಜ್ಜಾ? ಈಗ್ಲೂ ಆಡ್ತಾರಾ?" ಅಂದ.

ಆ ಪ್ರಶ್ನೆಗೆ ನಾನು ಏನು ಹೇಳಲಿ? ನೀನೇ ಹೇಳು.

ಫಾರಂಗೆ ಸಹಿ ಹಾಕು ಅಂತ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಹೇಳುತ್ತಿದ್ದೇನೆ, ಹಾಕು. ನಿನ್ನ ಮಗಳು ನಿನ್ನ ಬಾಗಿಲಲ್ಲಿ ನಿಂತಿದ್ದಾಳೆ, ಒಂದು ಸಲ ಕಣ್ಣೆತ್ತಿ ನೋಡು.

ಅಳಿಯಂದಿರಿಗೆ ಕೇಳಿದೆ ಅಂತ ಹೇಳು. ಮಗುವಿಗೆ ಮುತ್ತು.

ನಿನ್ನ ಅಪ್ಪ,
ಈರಭದ್ರಪ್ಪ

ತಾ.ಕ.: ಪ್ರಿಯಾಂಕಾಳನ್ನು ಬೈಯಬೇಡ. ಅವಳು ಫೋನ್ ಮಾಡಿದ್ದು ಅಜ್ಜಿಗೆ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.


ತರೀಕೆರೆ
18-5-2025, ಭಾನುವಾರ

ಮಗಳು ವಿದ್ಯಾಶ್ರೀಗೆ ಅಪ್ಪನ ಆಶೀರ್ವಾದ.

ನಿನ್ನ ಉತ್ತರ ಬಂತು, ನಿಮ್ಮಮ್ಮನ ಫೋನಿಗೆ. "ಆ ಕಾರ್ಡೆಲ್ಲ ಈಗ್ಯಾಕೆ ಬೇಕಂತೆ ಅವ್ರಿಗೆ?" ಇಷ್ಟೇ. ಅವಳು ನನಗೆ ಹೇಳುವಾಗ ಇನ್ನೂ ಎರಡು ಮಾತು ಸೇರಿಸಿ ಹೇಳಿದಳು, ಅವು ಅವಳವೇ. ಪರವಾಗಿಲ್ಲ. ಇಪ್ಪತ್ತು ವರ್ಷದ ಮೇಲೆ ನನ್ನ ಬಗ್ಗೆ ಒಂದು ಪ್ರಶ್ನೆ ಕೇಳಿದ್ದೀಯ, ಅದಕ್ಕೆ ಉತ್ತರ ಬರೆಯುತ್ತೇನೆ. ನಡುವೆ ಮೂರು ಶಾಲಾ ವ್ಯಾನಿನ ಸೀಟು ಬಂದವು. ಜೂನಿನೊಳಗೆ ಕೊಡಬೇಕು ಅಂತ ಕುತ್ತಿಗೆ ಮೇಲೆ ಕೂತಿದ್ದರು. ಅದಕ್ಕೇ ತಡ.

ಯಾಕೆ ಬೇಕು ಅಂದರೆ ನನಗೂ ಮೊದಲು ಗೊತ್ತಿರಲಿಲ್ಲ. ಮೂರು ಸಿಕ್ಕ ಮೇಲೆ ಐದೂ ಸಿಗಬೇಕು ಅನ್ನುವ ಹಟ, ಅಷ್ಟೇ ಅಂದುಕೊಂಡಿದ್ದೆ. ಉಳಿದ ರೆಕ್ಸಿನ್ ತುಂಡಿನಲ್ಲಿ ಒಂದು ಪುಸ್ತಕ ಹೊಲಿದಿದ್ದೇನೆ. ಒಳಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಐದು ಜೇಬು, ಧೂಳು ಹೋಗದ ಹಾಗೆ ಮೇಲೊಂದು ಮಡಿಕೆ. ಮೆರೂನ್ ಬಣ್ಣ. ಶೋರೂಮಿನವರು ನೋಡಿದರೆ ಆರ್ಡರ್ ಕೊಡಬೇಕು, ಹಾಗಿದೆ.

ನಾಲ್ಕನೆಯದು ಬುಕ್ಕಾಂಬುಧಿಯಲ್ಲಿ ಸಿಕ್ಕಿತು. ಕಾಂತರಾಜು ತನ್ನ ಬೈಕಿನಲ್ಲಿ ಕೂರಿಸಿಕೊಂಡು ಹೋದ. ಅವನ ಬೈಕಿನ ಸೀಟು ಎಷ್ಟು ಕೆಟ್ಟದಾಗಿತ್ತು ಅಂದರೆ ಇಳಿದ ಮೇಲೂ ನನಗೆ ಕೂತ ಹಾಗೇ ಅನ್ನಿಸುತ್ತಿತ್ತು. ಆಮೇಲೆ ಹೊಸದು ಹಾಕಿಕೊಟ್ಟೆ ಬಿಡು. ಕೆರೆ ಏರಿ ಕೆಳಗಿನ ಮನೆ, ಕಮಲಾಕ್ಷಮ್ಮ ಅಂತ. ಪೆಪ್ಪರ್‌ಮೆಂಟ್ ಫ್ಯಾಕ್ಟರಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದವರು. ಬಿಸ್ಕತ್ತಿನ ಡಬ್ಬಿಯಲ್ಲಿ ಹೊಲಿಗೆ ದಾರದ ಉಂಡೆಗಳ ಕೆಳಗೆ ಇಟ್ಟಿದ್ದರು.

ಮುಂದೆ ನೋಡಿದರೆ ನೀನೇ, ಸರಿಯಾಗಿದೆ. ತಿರುಗಿಸಿದರೆ ಹಿಂದೆ ಯಾವನೋ ಕಬಡ್ಡಿಯವನ ವಿವರ! "ಎತ್ತರ ಆರು ಅಡಿ, ತೂಕ 81 ಕೆ.ಜಿ., ಎದುರಾಳಿಗಳಿಗೆ ಸಿಂಹಸ್ವಪ್ನ." ಕಾಂತರಾಜು ನಕ್ಕು ನಕ್ಕು ಗೋಡೆಗೆ ಒರಗಿದ. ನಾನೂ ನಕ್ಕೆ. ಕಮಲಾಕ್ಷಮ್ಮ ಕೇಳಿದರು, "ಅಲ್ಲಾ ಯಜಮಾನ್ರೇ, ತಪ್ಪು ಕಾರ್ಡಿಗೆ ಇಷ್ಟೊಂದು ಸಂತೋಷ ಯಾಕೆ?" ಸರಿಯಾದದ್ದು ಸಾವಿರ ಇರುತ್ತವೆ, ತಪ್ಪಾದದ್ದು ಕಂಡ ಕೂಡಲೇ ನಿಲ್ಲಿಸುತ್ತಾರೆ, ಅದಕ್ಕೇ ಅದು ಅಪರೂಪ ಅಂತ ಕಾಂತರಾಜು ವಿವರಿಸಿದ. "ಹಂಗಾದ್ರೆ ನಮ್ಮನೆಯೋರು ಭಾಳ ಅಪ್ರೂಪದೋರು" ಅಂದರು ಆಯಮ್ಮ, ಜಗಲಿ ಮೇಲೆ ಮಲಗಿದ್ದ ಗಂಡನ ಕಡೆ ನೋಡಿಕೊಂಡು. ಕಾರ್ಡಿಗೆ ಏನು ಕೊಡಲಿ ಅಂದೆ. ಏನೂ ಬೇಡ, ಮುರುಕು ಕುರ್ಚಿಯ ಮೆತ್ತೆ ಹೊಲಿದುಕೊಡಿ ಅಂದರು. ಅಲ್ಲೇ ಕೂತು ಹೊಲಿದುಕೊಟ್ಟೆ.

ಐದನೆಯದು ಹುಡುಕಿಕೊಂಡು ಕಡೂರಿಗೆ ಹೋದೆ, ಒಬ್ಬನೇ. ಕಾರ್ಡು ಅಚ್ಚು ಹಾಕಿದ ಪ್ರೆಸ್ಸಿನ ಮಲ್ಲಿಕಾರ್ಜುನಪ್ಪನವರು ಇನ್ನೂ ಇದ್ದಾರೆ. ಎಂಬತ್ತನಾಲ್ಕು ವರ್ಷ. ಪ್ರೆಸ್ಸು ಮುಚ್ಚಿ ಎಷ್ಟೋ ಕಾಲವಾಯಿತು. ಕಿವಿ ಮಂದ, ನೆನಪು ಮಾತ್ರ ಹೊಸ ದಬ್ಬಳದ ಹಾಗಿದೆ. ಅವರಿಗೆ ನನ್ನ ಗುರುತು ಸಿಗದಿರಲಿ ಅಂದುಕೊಂಡೇ ಒಳಗೆ ಹೋದೆ. ನಾಲ್ಕು ಕಾರ್ಡನ್ನೂ ಮುಂದಿಟ್ಟು, ಐದನೆಯದು ಇದೆಯಾ ಅಂತ ಜೋರಾಗಿ ಕೇಳಿದೆ.

ಅವರು ನೀಲಿ ಕಾರ್ಡು ಎತ್ತಿಕೊಂಡು ನನ್ನ ನೋಡಿದರು. "ಏನಯ್ಯಾ ಈರಭದ್ರಾ, ಇದನ್ನ ಹುಡುಕ್ಕೊಂಡು ಬಂದಿದೀಯಾ? ಇದನ್ನ ನಿಲ್ಸು ಅಂತ ಬಂದೋನು ನೀನೇ ಅಲ್ವೇನಯ್ಯಾ?"

ವಿದ್ಯಾ, ನೀನು ಆಗ ಇನಿಷಿಯಲ್ ಯಾಕೆ ಇಲ್ಲ ಅಂತ ಯಾರನ್ನೂ ಕೇಳಲಿಲ್ಲ. ಕಂಪನಿಯವರ ತಪ್ಪು ಅಂದುಕೊಂಡೆಯೋ, ಗೊತ್ತಾಗಿಯೂ ಸುಮ್ಮನಿದ್ದೆಯೋ ನನಗೆ ತಿಳಿಯದು. ತೆಗೆಸಿದ್ದು ನಾನು. 2003ರಲ್ಲಿ ಮೊದಲನೇ ಕಾರ್ಡು ಬಂದ ವಾರ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾಲ್ಕು ಜನ ಆಡಿಕೊಂಡರು. "ಈರಭದ್ರನ ಮಗಳು ಚಡ್ಡಿ ಹಾಕ್ಕೊಂಡು ಪೆಪ್ಪರ್‌ಮೆಂಟ್ ಪೊಟ್ಣದಲ್ಲಿ ಬಂದವ್ಳೆ, ನಾಕಾಣೆಗೊಂದು." ನಾನು ಟೀ ಅಲ್ಲೇ ಬಿಟ್ಟು ಕಡೂರಿಗೆ ಹೋದೆ. ಪ್ರೆಸ್ಸಿಗೆ ನುಗ್ಗಿ ಕೂಗಾಡಿದೆ. ಮಿಠಾಯಿ ತಿಂದು ಚೀಟಿ ಚರಂಡಿಗೆ ಎಸೆಯುತ್ತಾರೆ, ನನ್ನ ಹೆಸರಿನ ಅಕ್ಷರ ಚರಂಡಿಗೆ ಬೀಳಬಾರದು, ತೆಗೀರಿ ಅಂದೆ. ಮಲ್ಲಿಕಾರ್ಜುನಪ್ಪ ಆಗಲೇ ಕೇಳಿದರು, "ಹುಡುಗಿ ಹೆಸರು ಇರ್ಲೋ ಬೇಡ್ವೋ?" "ಅದೇನಾದ್ರೂ ಆಗ್ಲಿ, ನಂದು ತೆಗೀರಿ" ಅಂದೆ. ಪ್ಲೇಟಿನ ಮೇಲೆ ಆ ಒಂದು ಅಕ್ಷರ ಅಳಿಸಿದರು. ನಿನ್ನ ಹೆಸರು, ನಿನ್ನ ಫೋಟೋ ಚರಂಡಿಗೆ ಬಿದ್ದರೆ ಬೀಳಲಿ ಅಂತ ನಿನ್ನಪ್ಪ ನಿರ್ಧಾರ ಮಾಡಿ ಬಂದ. ಈಗ ಅಜ್ಜಂಪುರದವನು ಆ ಅಕ್ಷರ ಇರುವ ಕಾರ್ಡು ಕಂಡರೆ ಎದ್ದು ನಿಲ್ಲುತ್ತಾನೆ. ಅದು ಅಪರೂಪ ಆಗಿದ್ದು ನನ್ನ ಕೋಪದಿಂದ.

ಕೇಳು, ಇನ್ನೂ ಇದೆ. ಐದನೆಯದು ಯಾವುದು ಅಂತ ಮಲ್ಲಿಕಾರ್ಜುನಪ್ಪ ಹೇಳಿದರು. 2004ರದು, ಹಳದಿ ಅಂಚು. ಹೆಸರಿನ ಕೆಳಗೆ ಒಂದು ಸಾಲು ಜಾಸ್ತಿ, "ರಾಜ್ಯ ತಂಡದ ನಾಯಕಿ". ನಾನು ಕೇಳಿದೆ, "ಯಾರು ನಾಯಕಿ?" ಅವರು ನನ್ನ ಕಿವಿಯೂ ಮಂದವಾಗಿದೆ ಅಂದುಕೊಂಡು ಕಿರುಚಿದರು, "ನಿನ್ ಮಗಳು ಕಣಯ್ಯಾ! ಕ್ಯಾಪ್ಟನ್ನು! ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಇಡೀ ರಾಜ್ಯಕ್ಕೆ ನನ್ನ ಮಗಳು ಕ್ಯಾಪ್ಟನ್ ಆಗಿದ್ದಳು ಅಂತ ಇಪ್ಪತ್ತೊಂದು ವರ್ಷ ಆದ ಮೇಲೆ ಒಬ್ಬ ಕಿವುಡ ಮುದುಕನಿಂದ ಗೊತ್ತಾಯಿತು. ಮನೆಗೆ ಬಂದು ನಿಮ್ಮಮ್ಮನನ್ನು ಕೇಳಿದರೆ, "ಗೊತ್ತಿತ್ತು" ಅಂದಳು. "ನನಗ್ಯಾಕೆ ಹೇಳ್ಲಿಲ್ಲ?" "ನೀವು ಆಗ ಆಟದ ಮಾತೆತ್ತಿದ್ರೆ ತಟ್ಟೆ ಎಸೀತಿದ್ರಿ. ಇದ್ದಿದ್ದೇ ಆರು ತಟ್ಟೆ."

ಹಾಗಾದರೆ ಆ ಶಿಬಿರಕ್ಕೆ ಕರೆದದ್ದು ಸುಮ್ಮನೆ ಕರೆದದ್ದಲ್ಲ. ಕ್ಯಾಪ್ಟನ್ನನ್ನು ಕರೆದಿದ್ದರು. ನಾನು ತಲೆ ಎತ್ತದೆ ಬೇಡ ಅಂದದ್ದು ಕ್ಯಾಪ್ಟನ್ನಿಗೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಕಾರ್ಡು ಯಾಕೆ ಬೇಕು ಅಂದರೆ, ನೀನು ಆಗ ಏನಾಗಿದ್ದೆ ಅಂತ ನಾನು ನೋಡಲಿಲ್ಲ. ಈಗ ನೋಡುತ್ತಿದ್ದೇನೆ, ಒಂದೊಂದೇ.

ಪ್ರಿಯಾಂಕಾಳ ಫಾರಂಗೆ ಇನ್ನು ಹದಿಮೂರು ದಿನ ಇದೆ. ನೀನು ಹೇಳಿದ ಮಾತು ಯೋಚಿಸಿದೆ, ಕಿತ್ಕೊಳ್ಳೋದಕ್ಕಿಂತ ಮೊದಲೇ ಬೇಡ ಅನ್ನೋದು ವಾಸಿ ಅಂದೆಯಲ್ಲ. ನನ್ನ ಬುದ್ಧಿಗೆ ತೋಚಿದ್ದು ಹೇಳುತ್ತೇನೆ. ನಿನ್ನಿಂದ ಆಟ ತಾನಾಗಿ ಹೋಗಲಿಲ್ಲ, ಕಿತ್ತುಕೊಂಡವನು ನಾನು. ಅವಳಿಂದ ಕಿತ್ತುಕೊಳ್ಳುವವರು ಆ ಮನೆಯಲ್ಲಿ ಯಾರಿದ್ದಾರೆ? ಅಳಿಯಂದಿರು ರುದ್ರಮೂರ್ತಿ ಅಂಥವರಲ್ಲ. ಹಿಟ್ಟಿನ ಗಿರಣಿ ಶಬ್ದದಲ್ಲೂ ಎರಡನೇ ಸಲ ಕೇಳಿ ಉತ್ತರ ಕೊಡುವ ಮನುಷ್ಯ. ನೀನು ಅಂಥವಳಲ್ಲ. ಉಳಿದವನು ನಾನು. ನಾನು ಇಲ್ಲಿ ತರೀಕೆರೆಯಲ್ಲಿದ್ದೇನೆ, ಅರವತ್ತೊಂಬತ್ತು ವರ್ಷ, ಓಡಿ ಬರಲು ಆಗಲ್ಲ.

ಇದಕ್ಕಿಂತ ಚೆನ್ನಾಗಿ ಬರೆಯಲು ಬರಲ್ಲ ನನಗೆ. ಮನೆಯಲ್ಲಿ ಎಲ್ಲರಿಗೂ ಆಶೀರ್ವಾದ.

ನಿನ್ನ ಅಪ್ಪ,
ಈರಭದ್ರಪ್ಪ


ತರೀಕೆರೆ
1-6-2025, ಭಾನುವಾರ

ಚಿರಂಜೀವಿ ವಿದ್ಯಾಗೆ ನಿನ್ನ ಅಪ್ಪನ ನೂರು ಆಶೀರ್ವಾದ.

ಈ ಸಲ ತಡ ಮಾಡಿಲ್ಲ. ಸುದ್ದಿ ನಿನ್ನೆ ಸಂಜೆ ಬಂತು, ಇವತ್ತು ಬೆಳಿಗ್ಗೆ ಕೂತಿದ್ದೇನೆ. ಇಲ್ಲಿ ಮಳೆ ಒಂದು ಬಂದು ಹೋಯಿತು. ನಿಮ್ಮಮ್ಮ ಬೆಳಿಗ್ಗೆ ಎದ್ದವಳೇ ಯಾವ ಹಬ್ಬವೂ ಇಲ್ಲದೆ ಒಬ್ಬಟ್ಟಿಗೆ ಬೇಳೆ ಇಟ್ಟಿದ್ದಾಳೆ. "ಮಂಡಿನೋವು ಅಂತಿದ್ದೆ?" ಅಂದರೆ, "ಅದು ನಿಮ್ ಮುಖ ನೋಡ್ದಾಗ ಬರೋದು" ಅಂತಾಳೆ.

ಫೋನ್ ಮಾಡಿದವಳು ಪ್ರಿಯಾಂಕಾ. ಈ ಸಲ ಅಜ್ಜಿಗೆ ಅಲ್ಲ, ಅಜ್ಜನಿಗೇ ಕೊಡು ಅಂದಳಂತೆ. "ಅಜ್ಜಾ, ಅಜ್ಜಾ" ಅಂತ ಉಸಿರು ತೆಗೆದುಕೊಳ್ಳದೆ ಹೇಳಿದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು, ನೀನೇ ಅಲ್ಲಿ ಇದ್ದವಳು.

ಶುಕ್ರವಾರ ನೀನು ಅವಳನ್ನು ಸ್ಕೂಲಿನ ಮೈದಾನಕ್ಕೆ ಕರೆದುಕೊಂಡು ಹೋದೆಯಂತೆ. "ಹಾಸ್ಟೆಲ್‌ಗೆ ಹೋಗೋ ಅಷ್ಟು ಆಟ ನಿಂಗೆ ಬರಲ್ಲ, ತೋರಿಸ್ತೀನಿ ಬಾ" ಅಂದೆಯಂತೆ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿದೆಯಂತೆ. ಮೊದಲನೇ ಸಲ ಓಡಿದಾಗ ಹತ್ತು ಎಣಿಸುವುದರೊಳಗೆ ಹಿಡಿದುಬಿಟ್ಟೆಯಂತೆ. "ಅಜ್ಜಾ, ಅಮ್ಮ ಹಿಂಗೆ ಓಡ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ! ಅಪ್ಪನೂ ಗಿರಣಿ ಆಫ್ ಮಾಡಿ ಬಂದು ನಿಂತ್ಕೊಂಡ್ರು." ಎಂಟು ಸಲ ಹಿಡಿದೆಯಂತೆ. ಹಿಡಿದಾಗೆಲ್ಲ ಒಂದೊಂದು ಬೈಗುಳ. ಕಂಬದ ಹತ್ತಿರ ನಿಧಾನ ಆಗ್ತೀಯ, ಭುಜ ನೋಡಿದರೆ ಯಾವ ಕಡೆ ತಿರುಗ್ತೀಯ ಅಂತ ಗೊತ್ತಾಗುತ್ತೆ, ಹಿಮ್ಮಡಿ ಊರಬೇಡ. ಒಂಬತ್ತನೇ ಸಲ ಅವಳು ಭುಜ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಹೋದಳಂತೆ. ನೀನು ಹಾರಿದೆಯಂತೆ. ಸಿಗಲಿಲ್ಲವಂತೆ. ಮಣ್ಣಿನಲ್ಲಿ ಬಿದ್ದುಕೊಂಡು ನಗೋಕೆ ಶುರು ಮಾಡಿದೆಯಂತೆ. "ಅಮ್ಮ ಎಷ್ಟು ಹೊತ್ತು ನಗ್ತಾ ಇದ್ರು ಅಂದ್ರೆ ನಂಗೆ ಭಯ ಆಯ್ತು ಅಜ್ಜಾ."

ಮೊಣಕೈ ತರಚಿದೆಯಂತೆ, ಅರಿಶಿನ ಹಚ್ಚಿದ್ದೀಯಾ? ನಲವತ್ತು ವರ್ಷದ ಮೈ, ಹುಡುಗಿ ಥರ ಹಾರಬಾರದು. ಹಾರಿದ್ದು ಒಳ್ಳೆಯದಾಯಿತು.

ಆಮೇಲೆ ಮೈದಾನದಿಂದ ನೇರ ಗಿರಣಿಗೆ ಹೋಗಿ, ಅಲ್ಲೇ ಫಾರಂ ತರಿಸಿ ಸಹಿ ಹಾಕಿದೆಯಂತೆ. ಫಾರಂ ಮೇಲೆ ಹಿಟ್ಟಿನ ಬೆರಳಚ್ಚು ಬಿದ್ದಿದೆ, ತಗೋತಾರೋ ಇಲ್ವೋ ಅಂತ ಮಗುವಿಗೆ ಚಿಂತೆ. ನಿನ್ನೆ ಕಡೂರಿಗೆ ಹೋಗಿ ಕೊಟ್ಟು ಬಂದಿರಂತೆ, ತೆಗೆದುಕೊಂಡರಂತೆ. ತೆಗೆದುಕೊಳ್ಳದಿದ್ದರೆ ನಾನು ಹೋಗಿ ಮಾತಾಡುತ್ತಿದ್ದೆ. ನನ್ನ ಮಾತು ಹೇಗಿರುತ್ತೆ ಅಂತ ಗೊತ್ತಲ್ಲ.

ನನ್ನ ಕಾಗದ ಓದಿ ಸಹಿ ಹಾಕಿದೆ ಅಂತ ನಾನು ತಿಳಿದುಕೊಂಡಿಲ್ಲ. ಕಾಗದದಿಂದ ಆಗುವ ಕೆಲಸ ಅಲ್ಲ ಅದು. ಅವಳು ನಿನ್ನ ಕೈಗೆ ಸಿಗಲಿಲ್ಲ, ಅದಕ್ಕೇ ಹಾಕಿದೆ.

ಕಾಂತರಾಜುಗೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದೆ. ನೀನು ಮತ್ತೆ ಮೈದಾನಕ್ಕೆ ಇಳಿದೆ ಅಂದ ಕೂಡಲೇ ಅವನು ಫೋನಿನಲ್ಲೇ ಶಿಳ್ಳೆ ಹೊಡೆದ. ಜೆರಾಕ್ಸಿಗೆ ಬಂದವರು ಹೆದರಿರಬೇಕು. ಹಾಸ್ಟೆಲಿಗೆ ಬೇಕಾದ ಸರ್ಟಿಫಿಕೇಟೆಲ್ಲ ಎಷ್ಟು ಕಾಪಿ ಬೇಕಾದರೂ ತಾನೇ ತೆಗೆದುಕೊಡುತ್ತಾನಂತೆ. ಅವನೂ ನಾನೂ ಬರುವ ವಾರ ಬೀರೂರಿನಲ್ಲಿ ಒಂದು ಗುಜರಿ ಅಂಗಡಿಗೆ ಹೋಗುತ್ತಿದ್ದೇವೆ. ಹಳೇ ಬಸ್ಸಿನ ಸೀಟು ರಾಶಿ ಬಿದ್ದಿವೆಯಂತೆ. ನಾನು ಬಿಚ್ಚುವವನು, ಅವನು ಹುಡುಕುವವನು.

ಇನ್ನೊಂದು. ಹಳದಿ ಅಂಚಿನ ಕಾರ್ಡು, ಕ್ಯಾಪ್ಟನ್ ಅಂತ ಇರುವುದು, ನಿನ್ನ ಬೀರುವಿನಲ್ಲಿ ಸೀರೆ ಕೆಳಗಿನ ಪೇಪರಿನ ಅಡಿ ಇದೆ ಅಂತ ಪ್ರಿಯಾಂಕಾ ಬಾಯಿ ಬಿಟ್ಟಳು. "ಕಳಿಸ್ಲಾ ಅಜ್ಜಾ, ಅಮ್ಮನ್ನ ಕೇಳ್ಲಾ?" ಅಂದಳು. ಬೇಡ ಅಂದೆ. ನೀನೂ ಕಳಿಸಬೇಡ ಕಣಮ್ಮ. ಅದು ನೀನು ದುಡಿದದ್ದು, ನೀನು ಇಟ್ಟುಕೊಂಡದ್ದು, ಅಲ್ಲೇ ಇರಲಿ. ನನ್ನದು ನಾನು ಹುಡುಕುತ್ತೇನೆ. ಕೂತು ತಿನ್ನುವವನಿಗೆ ಬಡಿಸಿದ ಹಾಗೆ ಆಗಬಾರದು. ರೆಕ್ಸಿನ್ ಪುಸ್ತಕದ ಐದನೇ ಜೇಬು ಖಾಲಿ ಇದೆ, ಇರಲಿ. ಸಿಗುತ್ತೆ. ಸಿಗದಿದ್ದರೂ ಹುಡುಕುತ್ತಾ ಇರುವುದಕ್ಕೆ ನನಗೇನೂ ಬೇಸರವಿಲ್ಲ.

ಮಗುವಿಗೆ ಹಾಸ್ಟೆಲಿಗೆ ಚೀಲ ಕೊಳ್ಳಬೇಡ, ಹೊಲಿಯುತ್ತಿದ್ದೇನೆ. ಎರಡು ಪದರ ಕ್ಯಾನ್ವಾಸು, ತಳಕ್ಕೆ ರೆಕ್ಸಿನ್, ಶೂಗೆ ಬೇರೆ ಜಾಗ. ಲಾರಿ ಹತ್ತಿದರೂ ಹರಿಯಲ್ಲ. ಹೊಲಿಗೆ ಸೊಟ್ಟ ಅಂತ ನಿಮ್ಮಮ್ಮ ಈಗಾಗಲೇ ಹೇಳಿದ್ದಾಳೆ, ನೀನು ಹೇಳಬೇಡ.

ಅವಳು ಚೆನ್ನಾಗಿ ಆಡಲಿ. ಸೋತು ಬಂದ ದಿನ ನೀನು ಬಾಗಿಲು ತೆಗೆ, ಗೆದ್ದು ಬಂದ ದಿನ ಊರೇ ತೆಗೆಯುತ್ತೆ. ನಿನಗೆ, ಅಳಿಯಂದಿರಿಗೆ, ಮಗುವಿಗೆ ದೇವರು ಗಟ್ಟಿ ಕಾಲು ಕೊಡಲಿ.

ನಿನ್ನ ಅಪ್ಪ,
ಈರಭದ್ರಪ್ಪ

ತಾ.ಕ.: ಇದನ್ನು ಮೊದಲಿನ ಎರಡು ಕಾಗದದಲ್ಲಿ ಬರೆಯಲಿಲ್ಲ. ಬರೆದಿದ್ದರೆ, ಸಹಿ ಹಾಕಿಸುವುದಕ್ಕೆ ಅಪ್ಪ ಬರೆದ ಅಂತ ನೀನು ಅಂದುಕೊಳ್ಳುತ್ತಿದ್ದೆ. ಈಗ ನಿನ್ನಿಂದ ನನಗೆ ಏನೂ ಆಗಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

2002ನೇ ಇಸವಿ, ಕಡೂರಿನಲ್ಲಿ ನಿಮ್ಮ ಫೈನಲ್. ಅವತ್ತು ಸಂಜೆ ಬಂದು "ಅಪ್ಪ ಬಂದಿದ್ರಾ?" ಅಂತ ನೀನು ಅಮ್ಮನನ್ನು ಕೇಳಿದೆ. "ಇಲ್ಲ, ರೆಕ್ಸಿನ್ ತರಕ್ಕೆ ಹೋಗಿದ್ರು" ಅಂದಳು. ಅವಳಿಗೆ ನಾನು ಹೇಳಿದ್ದು ಅಷ್ಟೇ. ನಾನು ಬಂದಿದ್ದೆ ಕಣಮ್ಮ. ಎಳನೀರು ಗಾಡಿಯ ಪಕ್ಕ ನಿಂತಿದ್ದೆ. ನೀನು ಆಡುವುದನ್ನು ನಾನು ನೋಡಿದ್ದು ಅದೊಂದೇ ಸಲ. ಒಂದೇ ಉಸಿರಿಗೆ ಮೂವರನ್ನು ಔಟ್ ಮಾಡಿದೆ. ಮೂರನೆಯವಳನ್ನು ಹಿಡಿಯಲು ಕಂಬದ ಹತ್ತಿರ ಗಾಳಿಯಲ್ಲಿ ಮಲಗಿದ ಹಾಗೆ ಹಾರಿದೆ. ನನ್ನ ಪಕ್ಕ ಊಟದ ಕ್ಯಾರಿಯರ್ ಹಿಡಿದ ಒಬ್ಬ ಮನುಷ್ಯ ನಿಂತಿದ್ದ. ಅವನು ನನ್ನ ತೋಳು ಹಿಡಿದು ಅಲ್ಲಾಡಿಸಿ ಕೇಳಿದ, "ಯಾರ ಮಗಳಪ್ಪಾ ಇದು, ಹಿಂಗೆ ಹಾರ್ತಾಳೆ?"

ನಾನು "ಗೊತ್ತಿಲ್ಲ" ಅಂದೆ.

ಆಟ ಮುಗಿದ ಮೇಲೆ ನೀನು ಜನರ ಕಡೆ ತಿರುಗಿ ಹುಡುಕಿದೆ. ನಾನು ಗಾಡಿಯ ಹಿಂದಕ್ಕೆ ಸರಿದೆ.

ಪ್ರಿಯಾಂಕಾಳ ಮೊದಲನೇ ಮ್ಯಾಚು ಯಾವತ್ತು, ಎಲ್ಲಿ ಅಂತ ಒಂದು ಸಾಲು ತಿಳಿಸು. ಬರುತ್ತೇನೆ. ಸುಣ್ಣದ ಗೆರೆಯ ಪಕ್ಕದಲ್ಲೇ ನಿಲ್ಲುತ್ತೇನೆ, ನೀನು ನನ್ನ ಪಕ್ಕದಲ್ಲಿ ನಿಲ್ಲು. ಈ ಹುಡುಗಿ ಯಾರ ಮಗಳು ಅಂತ ಯಾರಾದರೂ ಕೇಳಿದರೆ ನಿನ್ನನ್ನು ತೋರಿಸಿ ಹೇಳುತ್ತೇನೆ, ಇವಳ ಮಗಳು, ಇವಳು ನನ್ನ ಮಗಳು. ಯಾರೂ ಕೇಳದಿದ್ದರೂ ಹೇಳುತ್ತೇನೆ.